ಹಾಜರಿ ಪುಸ್ತಕದ ರಾಮಮ್ಮ

ನಾಟಕದ ಕೊನೆಗೆ ಅವ್ವನನ್ನು ಸಾಯಿಸಲೇಬೇಕು ಎಂದು ಶ್ಯಾಮಣ್ಣ ಹಠ ಹಿಡಿದು ತಿಂಗಳಾಗಿತ್ತು. ಯೂನಿಯನ್ನಿನ ಸಾಂಸ್ಕೃತಿಕ ಕಾರ್ಯದರ್ಶಿಯಾದ ಅವನಿಗೆ ಹೆಂಗಸರ ಕಷ್ಟದ ಮೇಲೆ ಅಪಾರ ಗೌರವ. ಕಷ್ಟಪಟ್ಟ ಹೆಂಗಸು ಕೊನೆಗೂ ಬದುಕಿಯೇ ಇದ್ದುಬಿಟ್ಟರೆ ಆ ಗೌರವವನ್ನು ಎಲ್ಲಿಡುವುದೆಂದು ಮಾತ್ರ ಅವನಿಗೆ ತಿಳಿಯುತ್ತಿರಲಿಲ್ಲ. "ಕ್ಷಯ ಬರ್ಲಿ ಕಣಮ್ಮ. ಎರಡು ಸಲ ಕೆಮ್ಮಿಸು, ಮೂರನೇ ಸಲ ಬೀಳಿಸು. ಜನ ಅಳ್ಬೇಕು," ಎಂದು ಈ ಬೆಳಿಗ್ಗೆಯೂ ವೈಂಡಿಂಗ್ ಷೆಡ್ಡಿನ ಬಾಗಿಲಲ್ಲಿ ನಿಂತು ಹೇಳಿಹೋಗಿದ್ದ. ಯಾರನ್ನು ನೋಡಿ ಅನುಸೂಯ ಈ ಪಾತ್ರ ಬರೆದಿದ್ದಳೋ ಆ ಅವ್ವ, ಪಿಳ್ಳಮ್ಮ, ಹೊತ್ತಾರೆ ಎರಡು ಮುದ್ದೆ ಉಂಡು, ಎಲೆಯಡಿಕೆ ಹಾಕಿಕೊಂಡು, ಪಕ್ಕದ ಮನೆಯ ಕೋಳಿ ತನ್ನ ಅಂಗಳಕ್ಕೆ ಕಾಲಿಟ್ಟಿತೆಂದು ಆ ಕೋಳಿಯ ಮೂರು ತಲೆಮಾರನ್ನು ಬೈದು, ಸಾಯಂಕಾಲದ ನಾಟಕಕ್ಕೆ ಯಾವ ಸೀರೆ ಉಡಲಿ ಎಂದು ಟ್ರಂಕಿನ ಮುಂದೆ ಕೂತಿದ್ದಳು. ಅವಳಿಗೆ ಕ್ಷಯ ತರಿಸಲು ಹೋದರೆ ಕ್ಷಯಕ್ಕೇ ಕಷ್ಟ.

ಟ್ಯೂಬ್‌ಲೈಟಿನ ಚೋಕಿಗೆ ತಾಮ್ರದ ತಂತಿ ಸುತ್ತುವುದು ಅನುಸೂಯಳ ಕೆಲಸ. ಮಿಷೀನಿನ ಮೀಟರು ಕೆಟ್ಟು ಎರಡು ತಿಂಗಳಾಗಿದ್ದರಿಂದ ನೂರು ಸುತ್ತು ಮುಗಿದಾಗಲೆಲ್ಲ ತಟ್ಟೆಗೆ ಒಂದು ಹುಣಸೆಬೀಜ ಹಾಕಬೇಕು. ಇವತ್ತು ಬೀಜ ಹಾಕಿದೆನೋ ಇಲ್ಲವೋ ಎಂಬುದೇ ನೆನಪಿಗೆ ಬರುತ್ತಿರಲಿಲ್ಲ. ಕೈ ಹಿಡಿಕೆ ತಿರುಗಿಸುತ್ತಿತ್ತು, ತುಟಿ ನಾಟಕದ ಮಾತು ಹೇಳುತ್ತಿತ್ತು, ಕಣ್ಣು ಮೂಲೆಯಲ್ಲಿ ತಾಮ್ರದ ಚೂರು ಗುಡಿಸುತ್ತಿದ್ದ ಅಕ್ಕನ ಬೆನ್ನಿನ ಮೇಲಿತ್ತು. "ರಾಮಮ್ಮ!" ಎಂದು ಸೂಪರ್‌ವೈಸರ್ ಕೂಗಿದ. ಷೆಡ್ಡಿನಲ್ಲಿ ಎರಡು ಕತ್ತು ಹೊರಳಿದವು. "ಏನ್ ರಾಮಮ್ಮ, ಮೂರು ಚೋಕು ರಿಜೆಕ್ಟು. ನಾಟಕದೋಳು ಅಂತ ಬಿಟ್ಬಿಡ್ಬೇಕಾ?" ಎಂದು ಅವನು ಅನುಸೂಯಳ ಮುಂದೆ ಬಂದು ನಿಂತಾಗ ಅಕ್ಕ ತನ್ನ ಕತ್ತನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸಿಕೊಂಡು ಮತ್ತೆ ಪೊರಕೆ ಆಡಿಸತೊಡಗಿದಳು. ಇಷ್ಟು ವರ್ಷಗಳಾದರೂ ಆ ಕತ್ತಿಗೆ ಅಭ್ಯಾಸ ತಪ್ಪಿರಲಿಲ್ಲ. ರಾಮಮ್ಮ ಎಂಬುದು ಅಕ್ಕನ ಹೆಸರು.

ಅಪ್ಪ ತೀರಿಕೊಂಡ ವರ್ಷ ಅಕ್ಕ ಎರಡನೇ ತರಗತಿಯಲ್ಲಿದ್ದಳು. ಅವ್ವ ಪೀಣ್ಯದಲ್ಲಿ ಏಳುತ್ತಿದ್ದ ಷೆಡ್ಡುಗಳಿಗೆ ಜಲ್ಲಿ ಹೊರಲು ಹೋದಳು. ಅಕ್ಕನನ್ನು ಊರೊಳಗಿನ ವೆಂಕಟಪ್ಪನವರ ಕೊಟ್ಟಿಗೆಯಲ್ಲಿ ಸಗಣಿ ಬಾಚಲು ಬಿಟ್ಟಳು. ಅಲ್ಲಿಗೆ ಅದು ಮುಗಿಯಬೇಕಾಗಿತ್ತು. ಆದರೆ ಸ್ಕೂಲಿನಲ್ಲಿ ಹೆಸರಿದ್ದವರಿಗೆ ಮಧ್ಯಾಹ್ನ ಗೋಧಿ ಉಪ್ಪಿಟ್ಟು ಕೊಡುತ್ತಿದ್ದರು, ವರ್ಷಕ್ಕೊಂದು ಲಂಗ ಕೊಡುತ್ತಿದ್ದರು. ಪುಸ್ತಕದಲ್ಲಿ ಹೆಸರಿದೆ, ಉಪ್ಪಿಟ್ಟು ಯಾಕೆ ಹಾಳಾಗಬೇಕು ಎಂದು ಅವ್ವ ಆರು ವರ್ಷದ ಅನುಸೂಯಳಿಗೆ ತಲೆ ಬಾಚಿ, "ರಾಮಮ್ಮ ಅಂದಾಗ ಹಾಜರ್ ಅನ್ನು. ಬೇರೆ ಏನೂ ಅನ್ಬೇಡ," ಎಂದು ಹೇಳಿಕೊಟ್ಟು ಅಕ್ಕನ ಜಾಗದಲ್ಲಿ ಕೂರಿಸಿ ಬಂದಳು. ಸಿಕ್ಕಿಬೀಳುತ್ತೇನೆಂದು ಅನುಸೂಯ ಲಂಗದೊಳಗೆ ಉಚ್ಚೆ ಹೊಯ್ದುಕೊಂಡು ಕೂತಿದ್ದಳು. ಮೇಷ್ಟ್ರು ಕೂಗಿದರು, ಅವಳು ಹಾಜರ್ ಅಂದಳು, ಮೇಷ್ಟ್ರು ಗೀಟು ಹಾಕಿದರು. ಒಂದು ಗೇಣು ಗಿಡ್ಡವಾಗಿದ್ದ, ಮುಂದಿನ ಹಲ್ಲಿಲ್ಲದ ಈ ರಾಮಮ್ಮ ನಿನ್ನೆಯ ರಾಮಮ್ಮ ಅಲ್ಲವೆಂದು ಅವರಿಗೆ ಅವತ್ತೂ ಗೊತ್ತಾಗಲಿಲ್ಲ, ಮುಂದಿನ ಐದು ವರ್ಷವೂ ಗೊತ್ತಾಗಲಿಲ್ಲ. ಬಾಗಿಲ ಪಕ್ಕ ಕೂರುತ್ತಿದ್ದ ಕೇರಿಯ ಮಕ್ಕಳ ಮುಖವನ್ನು ಅವರು ಒಂದು ದಿನವಾದರೂ ನೋಡಿದ್ದರೆ ತಾನೆ? ಹಾಗೆ ಉಪ್ಪಿಟ್ಟಿಗೆಂದು ಹೋದವಳು ಎಸ್ಸೆಸ್ಸೆಲ್ಸಿ ಪಾಸು ಮಾಡಿಬಿಟ್ಟಳು. ಸರ್ಟಿಫಿಕೇಟಿನಲ್ಲಿ ಅಕ್ಕನ ಹೆಸರು, ಅಕ್ಕನ ಹುಟ್ಟಿದ ತಾರೀಕು. ಅದನ್ನೇ ತೋರಿಸಿ ಫ್ಯಾಕ್ಟರಿಗೆ ಸೇರಿದಳು. ಈ ಲೆಕ್ಕದಲ್ಲಿ ಅವಳು ಎರಡು ವರ್ಷ ಮೊದಲೇ ರಿಟೈರ್ ಆಗಬೇಕು. ಅವಳ ಹಿಂದೆಯೇ ಕಂಟ್ರಾಕ್ಟರನ ಕೈಕೆಳಗೆ ಕಸ ಗುಡಿಸಲು ಬಂದ ಅಕ್ಕನನ್ನು ಗೇಟಿನಲ್ಲಿ ಹೆಸರು ಕೇಳಿದಾಗ ಅಕ್ಕ ಅರೆಗಳಿಗೆ ಯೋಚಿಸಿ, "ಅನುಸೂಯಮ್ಮ," ಎಂದಿದ್ದಳು. ಮನೆಯಲ್ಲಿ ಉಳಿದಿದ್ದ ಹೆಸರು ಅದೊಂದೇ.

ಇದನ್ನೆಲ್ಲ ಅವಳು ಬರೆದಿದ್ದಳು. ಮೊದಲ ಸಲ ಬರೆದಾಗ ನಾಟಕದ ಎರಡನೇ ದೃಶ್ಯವೇ ಅದು: ಇಬ್ಬರು ಹೆಣ್ಣುಮಕ್ಕಳು, ಒಂದು ಲಂಗ. ಬರೆದ ದಿನ ತನ್ನ ಧೈರ್ಯಕ್ಕೆ ತಾನೇ ಬೆರಗಾಗಿ ಬಸ್ಸಿನಲ್ಲಿ ಒಬ್ಬಳೇ ನಕ್ಕಿದ್ದಳು. ಎರಡು ದಿನ ಬಿಟ್ಟು ಆ ಹಾಳೆಗಳನ್ನು ಒಲೆಗೆ ಹಾಕಿದಳು. ಹೋದ ವರ್ಷ ಬೇರೆಯವರ ಸರ್ಟಿಫಿಕೇಟು ತೋರಿಸಿ ಸೇರಿದ್ದ ಪ್ರೆಸ್ ಷಾಪಿನವನೊಬ್ಬನನ್ನು ಊಟದ ಡಬ್ಬಿ ತೆಗೆದುಕೊಳ್ಳಲೂ ಬಿಡದೆ ಗೇಟಿನಾಚೆ ನಿಲ್ಲಿಸಿದ್ದನ್ನು ಅವಳು ನೋಡಿದ್ದಳು. ಆದರೆ ಅದೊಂದೇ ಕಾರಣ ಎಂದು ಹೇಳಿಕೊಳ್ಳಲು ಅವಳಿಗೇ ನಾಚಿಕೆಯಾಗುತ್ತಿತ್ತು. ಅಕ್ಕ ಬಂದರೆ ನಾಟಕ ಅಕ್ಕನದಾಗುತ್ತಿತ್ತು. ಓದಿ ಮುಂದೆ ಬಂದ ಹುಡುಗಿ ಕಳ್ಳಿಯಾಗುತ್ತಿದ್ದಳು. ಈಗಿನ ನಾಟಕದಲ್ಲಿ ಅವ್ವ ಇದ್ದಾಳೆ, ಜಲ್ಲಿ ಇದೆ, ಮೇಷ್ಟ್ರಿದ್ದಾರೆ, ಗೌರಿ ಎಂಬ ಒಬ್ಬಳೇ ಮಗಳಿದ್ದಾಳೆ. ಆ ಗೌರಿಯ ಪಾತ್ರವನ್ನು ಎರಡು ಜಡೆ ಹಾಕಿಕೊಂಡು ತಾನೇ ಮಾಡುತ್ತಿದ್ದಳು. 'ದಲಿತ ಹೆಣ್ಣುಮಕ್ಕಳು ತಾವೇ ಬರೆದು ಆಡುವ, ತಾಯಿಯ ತ್ಯಾಗದ ನಾಟಕ' ಎಂದು ಶ್ಯಾಮಣ್ಣ ಕರಪತ್ರ ಹಾಕಿಸಿದ್ದ. ಓದಿ ಹೇಳಿದಾಗ ಅವ್ವ, "ಅದ್ಯಾವ್ದು ದಲಿತ? ಹೊಸ ಪಾರ್ಟೀನಾ?" ಎಂದು ಕೇಳಿ, ತ್ಯಾಗ ಎಂಬ ಮಾತು ಬಂದಾಗ ಮಾತ್ರ ಸೆರಗು ಸರಿಮಾಡಿಕೊಂಡಿದ್ದಳು. ಅಕ್ಕ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಎರಡು ತಿಂಗಳು ಪ್ಯಾಕಿಂಗ್ ಷೆಡ್ಡಿನಲ್ಲಿ ತಾಲೀಮು ನಡೆದಾಗಲೂ ದಿನಾ ಟೀ ತಂದು, ಗೋಣಿಚೀಲದ ಪರದೆ ಹೊಲಿದು, ಯಾರಿಗಾದರೂ ಮಾತು ಮರೆತರೆ ಮೂಲೆಯಿಂದ ಎತ್ತಿಕೊಟ್ಟು ಕೂತಿದ್ದಳೇ ಹೊರತು ನಾನೆಲ್ಲೇ ಇದರಲ್ಲಿ ಎಂದು ಒಂದು ಸಲವೂ ಕೇಳಲಿಲ್ಲ. ಕೇಳಿದ್ದರೆ ಜಗಳವಾದರೂ ಆಡಬಹುದಾಗಿತ್ತು.

ಮಧ್ಯಾಹ್ನದ ಸೈರನ್ನಿಗೆ ಸರಿಯಾಗಿ, ಮೇಷ್ಟ್ರ ಪಾತ್ರದ ಭದ್ರಮ್ಮ ಏದುಸಿರು ಬಿಡುತ್ತ ಬಂದಳು. ಅವ್ವನ ಪಾತ್ರ ಮಾಡಬೇಕಾಗಿದ್ದ ಮರಿಯಮ್ಮ ಇವತ್ತು ಬರುವುದಿಲ್ಲ. "ಅವಳನ್ನ ನೋಡಕ್ಕೆ ಕೋಲಾರದಿಂದ ಗಂಡಿನ ಕಡೆಯೋರು ಬಂದ್ಬಿಟ್ಟವ್ರೆ ಕಣೇ. ನಾಟಕ ಆಡ್ತಾಳೆ ಅಂತ ಗೊತ್ತಾದ್ರೆ ಬಜ್ಜಿ ತಿಂದು ಎದ್ದೋಗ್ತಾರಂತೆ. ಅವರಮ್ಮ ಒಳಗ್ ಹಾಕಿ ಚಿಲಕ ಹಾಕವ್ಳೆ." ಶ್ಯಾಮಣ್ಣ ತಲೆಯ ಮೇಲೆ ಕೈಹೊತ್ತು ಕೂತ. ಮ್ಯಾನೇಜರರು ಮೊದಲ ಸಾಲಿನಲ್ಲಿ ಕೂರುವವರಿದ್ದರು. ರಾಜ್ಯೋತ್ಸವಕ್ಕೆ ಪ್ರತಿವರ್ಷ ಆಡುವ ರಾಜರ ನಾಟಕ ಬಿಡಿಸಿ ಇವನು ಇದನ್ನು ಇಡಿಸಿದ್ದ. "ಅನುಸೂಯಮ್ಮಂಗೆ ಎಲ್ಲಾ ಮಾತೂ ಬರ್ತವಲ್ಲ," ಎಂದಳು ಭದ್ರಮ್ಮ, ಪೊರಕೆ ಹಿಡಿದು ನಿಂತಿದ್ದ ಅಕ್ಕನನ್ನು ತೋರಿಸಿ. ಎಲ್ಲರೂ ಅಕ್ಕನ ಕಡೆ ತಿರುಗಿದರು. "ಬೇಡ," ಎಂದುಬಿಟ್ಟಳು ಅನುಸೂಯ. ಎಲ್ಲರೂ ಈಗ ಅವಳ ಕಡೆ ತಿರುಗಿದರು. "ಅಂದ್ರೆ, ಅಕ್ಕಂಗೆ ಅಭ್ಯಾಸ ಇಲ್ಲ. ಹೆದರ್ಕೋತಾಳೆ." ಅಕ್ಕ ಪೊರಕೆಯನ್ನು ಗೋಡೆಗೆ ಒರಗಿಸಿದಳು. "ಅವ್ವನಂಗೆ ಆಡದು ತಾನೆ? ಅವ್ವನ ಬೈಗುಳ ತಿಂದವ್ರು ಯಾರಾದ್ರೂ ಆಡ್ಬೋದು. ನಾನ್ ಮಾಡ್ತೀನಿ ಬುಡಿ." ಅವಳ ದನಿಯಲ್ಲಿ ಒಂದು ಉಲ್ಲಾಸವಿತ್ತು. ಆ ಉಲ್ಲಾಸ ಕೇಳಿ ಅನುಸೂಯಳಿಗೆ ಭಯವೇ ಆಯಿತು. ಅಕ್ಕನಿಗೂ ಏನೋ ಬೇಕು ಎನ್ನಿಸಬಹುದೆಂದು ಅವಳು ಯಾವತ್ತೂ ಯೋಚಿಸಿರಲಿಲ್ಲ.

ಬಣ್ಣ ಹಚ್ಚಲು ಬಂದಿದ್ದ ಆವಲಪ್ಪನಿಗೆ ಇವರಾರೂ ಬಣ್ಣ ಹಚ್ಚಿಸಿಕೊಳ್ಳುವುದಿಲ್ಲ ಎಂದಾಗ ಸಿಟ್ಟು ಬಂತು. ಮೂವತ್ತು ವರ್ಷ ನಾಟಕದ ಕಂಪನಿಯಲ್ಲಿ ದುಡಿದ ಮನುಷ್ಯ; ಅವನ ಪೆಟ್ಟಿಗೆಯಲ್ಲಿದ್ದುದೆಲ್ಲ ಗುಲಾಬಿ ಬಣ್ಣ. ಕೃಷ್ಣನನ್ನೂ ಗುಲಾಬಿ ಮಾಡಿದವನು ಈ ಹೆಂಗಸರನ್ನು ಬಿಟ್ಟಾನೆಯೇ? "ನೋಡ್ರಮ್ಮ, ನಿಮ್ಮಂಥ ಕಪ್ಪು ಮುಖ ಸ್ಟೇಜಿನ ಮೇಲೆ ಕಾಣದೇ ಇಲ್ಲ." ನಮ್ಮ ಕಪ್ಪು ನಮ್ಮದೇ, ಅದನ್ನು ಮುಚ್ಚುವುದಿಲ್ಲ ಎಂಬ ಬಗ್ಗೆ ಅನುಸೂಯಳ ಹತ್ತಿರ ಒಂದು ಭಾಷಣವೇ ಇತ್ತು. ಅವಳು ಬಾಯಿ ತೆರೆಯುವಷ್ಟರಲ್ಲಿ ಅಕ್ಕ, "ಬೀದಿ ನಲ್ಲಿ ಮುಟ್ಟಕ್ಕೆ ಓದ್ರೆ ಫರ್ಲಾಂಗು ದೂರದಿಂದ್ಲೇ ಕಾಣ್ತದೆ ಎಲ್ರಿಗೂ. ಇಲ್ಲಿ ಕಾಣಕಿಲ್ವಾ? ಕನ್ನಡಕ ಆಕ್ಕಳಣ್ಣ," ಎಂದಳು. ಹೆಂಗಸರೆಲ್ಲ ಹೋ ಎಂದು ನಕ್ಕರು. ಅನುಸೂಯಳೂ ನಕ್ಕಳು. ಎರಡು ತಿಂಗಳು ಕೂತು ಬರೆದ ತನ್ನ ನಾಟಕದಲ್ಲಿ ಇಂಥದೊಂದು ಮಾತೂ ಇಲ್ಲವಲ್ಲ ಎಂದು ನಗುತ್ತಲೇ ಚುರುಕ್ಕೆಂದಿತು.

ನಾಲ್ಕು ಗಂಟೆಗೆ ನಾಟಕ ಶುರುವಾಯಿತು. ಲಾರಿ ನಿಲ್ಲುವ ಅಂಗಳದಲ್ಲಿ ಮುನ್ನೂರು ಜನ. ಮೊದಲ ಸಾಲಿನ ಕುರ್ಚಿಯಲ್ಲಿ ಮ್ಯಾನೇಜರರು. ಅವರ ಹಿಂದೆ ನೆಲದ ಮೇಲೆ ಹಸಿರು ಸೀರೆಯ ಅವ್ವ, ಮಡಿಲಲ್ಲಿ ಎಲೆಯಡಿಕೆಯ ಚೀಲ. ಬರೆದ ಪ್ರಕಾರ ತಾಯಿ ಬೆನ್ನು ಬಾಗಿಸಿಕೊಂಡು, ನಿಟ್ಟುಸಿರು ಬಿಡುತ್ತ ಬರಬೇಕು. ಮರಿಯಮ್ಮ ಎಷ್ಟು ಚೆನ್ನಾಗಿ ಬಾಗುತ್ತಿದ್ದಳೆಂದರೆ ಶ್ಯಾಮಣ್ಣನ ಕಣ್ಣು ತಾಲೀಮಿನಲ್ಲೇ ಒದ್ದೆಯಾಗುತ್ತಿತ್ತು. ಅಕ್ಕ ನೆಟ್ಟಗೆ ಬಂದಳು. ತಲೆಯ ಮೇಲಿನ ಬುಟ್ಟಿಯನ್ನು ದೊಪ್ಪನೆ ಇಳಿಸಿ, ಸೊಂಟದ ಮೇಲೆ ಕೈಯಿಟ್ಟು, ಒಮ್ಮೆ ಎಲ್ಲರನ್ನೂ ನೋಡಿ, ಪಕ್ಕಕ್ಕೆ ತಿರುಗಿ ತುಪ್ಪನೆ ಉಗಿದಳು. ಜನ ಘೊಳ್ಳೆಂದರು. ಅದೇ ಮಾತು, ಒಂದಕ್ಷರ ಹೆಚ್ಚುಕಡಿಮೆ ಇಲ್ಲ. ಆದರೆ ಅನುಸೂಯ ಕಣ್ಣೀರಿಗೆಂದು ಬರೆದಿದ್ದ ಕಡೆಯಲ್ಲೆಲ್ಲ ಅಕ್ಕ ಬೈಗುಳದ ದನಿ ತಂದಳು, ಮತ್ತು ಅದೇ ನಿಜವೆಂದು ಎಲ್ಲರಿಗೂ ಗೊತ್ತಾಗುತ್ತಿತ್ತು. "ನಾನೆಲ್ಲೇ ಅಂಗೆ ಉಗೀತೀನಿ?" ಎಂದು ಅವ್ವ ಕೂತಲ್ಲಿಂದಲೇ ಕೇಳಿ, ಬಾಯಿ ತುಂಬಿದ್ದರಿಂದ ಪಕ್ಕಕ್ಕೆ ತಿರುಗಿ ಉಗಿದಳು. ಪಕ್ಕದಲ್ಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಎರಡನೇ ದೃಶ್ಯದಲ್ಲಿ ಭದ್ರಮ್ಮ ಮೀಸೆ ಅಂಟಿಸಿಕೊಂಡು, ಹಾಜರಿ ಪುಸ್ತಕ ಹಿಡಿದು ಕೂತಳು. ಎರಡು ಜಡೆ, ಕೆಂಪು ರಿಬ್ಬನ್ನಿನ ಅನುಸೂಯ ಅಕ್ಕನ ಕೈಹಿಡಿದು ಬಂದಳು. ಅಕ್ಕನ ಅಂಗೈಯಲ್ಲಿ ತಾಮ್ರದ ಚೂರು ಗೀರಿದ ಗಾಯಗಳಿದ್ದವು. ಹಿಂದೆ ಇದೇ ಕೈ ಬೆಳಗಿನ ಜಾವ ಕೊಟ್ಟಿಗೆಗೆ ಹೋಗುವ ಮೊದಲು ಅವಳಿಗೆ ಜಡೆ ಹಾಕುತ್ತಿತ್ತು, ಬಿಗಿಯಾಗಿ, ಸಾಯಂಕಾಲದವರೆಗೂ ಬಿಚ್ಚದ ಹಾಗೆ. ಸಾಯಂಕಾಲ ಕೈಕಾಲು ತೊಳೆದು ಬಂದು, "ಇವತ್ತೇನ್ ಯೋಳ್ಕೊಟ್ರು, ಓದು," ಎನ್ನುತ್ತಿತ್ತು ಆ ಸಗಣಿ ವಾಸನೆಯ ಮೈ, ಮತ್ತು ನಾನು ಮೂಗು ಮುಚ್ಚಿಕೊಂಡು ಓದುತ್ತಿದ್ದೆ, ಛೆ, ಮೂಗು ಮುಚ್ಚಿಕೊಂಡು. "ಏನಮ್ಮಾ ನಿನ್ನ ಮಗಳ ಹೆಸರು?" ಎಂದಳು ಭದ್ರಮ್ಮ, ಗಂಡುದನಿ ತೆಗೆದು. ಅಕ್ಕ ಒಂದು ಕ್ಷಣವೂ ತಡೆಯಲಿಲ್ಲ. ಕೈಯನ್ನು ಅನುಸೂಯಳ ತಲೆಯ ಮೇಲಿಟ್ಟು, ಬರೆದುಕೊಟ್ಟ ಮಾತನ್ನು ಬರೆದುಕೊಟ್ಟ ಹಾಗೆಯೇ, "ಗೌರಿ, ಸ್ವಾಮಿ. ನಂಗಿರೋಳು ಇವಳೊಬ್ಳೇ," ಎಂದಳು. ಆ ದನಿಯಲ್ಲಿ ಕುಹಕವಿಲ್ಲ, ನೋವಿಲ್ಲ, ಏನೂ ಇಲ್ಲ. ಒಳ್ಳೆಯ ಕೆಲಸಗಾರ್ತಿ ಒಳ್ಳೆಯ ಕೆಲಸ ಮಾಡಿದ ಹಾಗೆ ಹೇಳಿದಳು. ಅನುಸೂಯಳಿಗೆ ಅದನ್ನು ತಡೆದುಕೊಳ್ಳಲಾಗಲಿಲ್ಲ. ಅಕ್ಕ ಒಂದು ಸಲ ತಪ್ಪಿ ನಡುಗಿದ್ದರೆ ಸಾಕಾಗಿತ್ತು.

"ಸುಳ್ಳು ಸಾರ್," ಎಂದುಬಿಟ್ಟಳು. ತನ್ನ ದನಿ ಮೈಕಿನಲ್ಲಿ ದೊಡ್ಡದಾಗಿ ಕೇಳಿ ತಾನೇ ಬೆಚ್ಚಿದಳು. "ನಾನು ಗೌರಿ ಅಲ್ಲ. ರಾಮಮ್ಮನೂ ಅಲ್ಲ. ನನ್ನ ಹೆಸರು ಅನುಸೂಯ. ರಾಮಮ್ಮ ಇವಳು, ನಮ್ಮಕ್ಕ. ಸ್ಕೂಲಲ್ಲಿ ಹೆಸರಿದ್ದಿದ್ದು ಇವಳದು. ಇವಳನ್ನ ಕೊಟ್ಟಿಗೆಗೆ ಕಳ್ಸಿ ಇವಳ ಜಾಗದಲ್ಲಿ ನನ್ನ ಕೂರ್ಸಿದ್ರು. ನನ್ನ ಸರ್ಟಿಫಿಕೇಟಲ್ಲಿ ಇರೋದು ಇವಳ ಹೆಸರು." ಭದ್ರಮ್ಮನ ಮೀಸೆ ಒಂದು ಕಡೆ ಬಿಟ್ಟುಕೊಂಡು ನೇತಾಡಿತು. ಮ್ಯಾನೇಜರರು ಮುಂದಕ್ಕೆ ಬಾಗಿದರು. ಆಗ ಅವರ ಬೆನ್ನ ಹಿಂದೆ ಹಸಿರು ಸೀರೆ ಎದ್ದು ನಿಂತಿತು. "ಬಾಯ್ ಮುಚ್ಚೇ, ಮುಂಡೇದೇ! ಕೆಲ್ಸ ಓಯ್ತದೆ!" ಎಂದು ಅವ್ವ ಕಿರುಚಿದಳು.

ಮುನ್ನೂರು ಜನ ಒಟ್ಟಿಗೆ ನಕ್ಕ ಸದ್ದಿಗೆ ಷೆಡ್ಡಿನ ತಗಡು ನಡುಗಿತು. ನೋಡುವವರ ಮಧ್ಯೆಯೇ ಪಾತ್ರವೊಂದನ್ನು ಕೂರಿಸಿ ಎಬ್ಬಿಸುವ ಈ ಹೊಸ ಬಗೆಯ ನಾಟಕವನ್ನು ಪೀಣ್ಯದಲ್ಲಿ ಯಾರೂ ನೋಡಿರಲಿಲ್ಲ. ಮ್ಯಾನೇಜರರು ತಲೆದೂಗಿ ಪಕ್ಕದವರಿಗೆ, "ವೆರಿ ನ್ಯಾಚುರಲ್," ಎಂದರು. ಪರದೆಯ ಸಂದಿಯಲ್ಲಿದ್ದ ಶ್ಯಾಮಣ್ಣ, ತನಗೆ ಹೇಳದೆ ಇಂಥ ಉಪಾಯ ಮಾಡಿದಳಲ್ಲ ಎಂದು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಅಕ್ಕ ಅನುಸೂಯಳ ಜಡೆ ಹಿಡಿದು ಜಗ್ಗಿ, "ಮಗೀಗೆ ಜ್ವರ ಬಂದದೆ ಸ್ವಾಮಿ. ಏನೇನೋ ಬಡಬಡಿಸ್ತದೆ. ನೀವ್ ಬರ್ಕಳಿ, ಗೌರಿ," ಎಂದಳು. ಇನ್ನೊಂದು ನಗೆ ಎದ್ದಿತು. ಭದ್ರಮ್ಮ ಮೀಸೆ ಒತ್ತಿಕೊಂಡು ಗೌರಿ ಎಂದು ಬರೆದುಕೊಂಡಳು. ಹೇಳಿಯೂ ಆಗಿತ್ತು, ಯಾರಿಗೂ ಕೇಳಿಸಿಯೂ ಇರಲಿಲ್ಲ. ಉಳಿದ ಎರಡು ದೃಶ್ಯಗಳಲ್ಲಿ ಅನುಸೂಯ ಏನು ಮಾತಾಡಿದಳೋ ಅವಳಿಗೇ ಗೊತ್ತಿಲ್ಲ. ಕೆಲಸ ಉಳಿಯಿತು ಎಂದು ಎದೆ ಹಗುರಾಗಿತ್ತು, ಹಾಗೆ ಹಗುರಾದದ್ದಕ್ಕೆ ಮುಖ ಬೆಂದುಹೋಗಿತ್ತು.

ಪರದೆ ಇಳಿದದ್ದೇ ಅಕ್ಕ ಅವಳ ರಟ್ಟೆ ಹಿಡಿದು ರಟ್ಟಿನ ಪೆಟ್ಟಿಗೆಗಳ ಹಿಂದಕ್ಕೆ ಎಳೆದುಕೊಂಡು ಹೋದಳು. "ಏನೇ ಅದು? ಯಾರ್ ಕೇಳಿದ್ರು ನಿನ್ನ?"

"ಹೊಟ್ಟೇಲಿ ಇಟ್ಕೊಳಕ್ಕೆ ಆಗ್ಲಿಲ್ಲ ಅಕ್ಕ."

"ನಾನ್ ಇಟ್ಕಂಡಿಲ್ವಾ? ಹದ್ನಾರ್ ವರ್ಸ ಇಟ್ಕಂಡಿವ್ನಿ. ನಿಂಗೆ ಎಲ್ಡ್ ನಿಮ್ಸದಲ್ಲಿ ಅಗುರಾಗ್ಬೇಕಿತ್ತಾ? ಆ ಸಾಹೇಬ ನಂಬಿದ್ದಿದ್ರೆ? ನಾನು ಬಾಚಿದ್ ಸಗಣಿ ಎಲ್ಲಾ ಸಗಣೀನೇ ಆಗೋಯ್ತಿತ್ತಲ್ಲೇ."

"ನಿಂಗೆ ಸ್ಕೂಲು ಅಂದ್ರೆ ಇಷ್ಟ ಇತ್ತಲ್ವಾ ಅಕ್ಕ?" ಅನುಸೂಯ ಅಳುತ್ತ ಕೇಳಿದಳು. ಇಷ್ಟು ವರ್ಷ ಕೇಳದೇ ಇದ್ದ ಪ್ರಶ್ನೆ. ಇಲ್ಲ ಎಂದುಬಿಡಲಿ ದೇವರೇ ಎಂದು ಮನಸ್ಸು ಕೈಮುಗಿಯುತ್ತಿತ್ತು.

"ಇತ್ತು," ಎಂದಳು ಅಕ್ಕ. "ಈಗ್ಲೂ ಅದೆ. ಅದ್ಕೇನೀಗ? ಮೂಗೊರಸ್ಕೋ."

ಅಷ್ಟರಲ್ಲಿ ಮೈಕಿನಲ್ಲಿ ಶ್ಯಾಮಣ್ಣನ ದನಿ ಮೊಳಗಿತು. ಈ ಅಮೋಘ ನಾಟಕವನ್ನು ರಚಿಸಿದ ನಮ್ಮ ಕಾರ್ಮಿಕ ಸೋದರಿ ಕುಮಾರಿ ರಾಮಮ್ಮನವರು ವೇದಿಕೆಗೆ ಬರಬೇಕು, ಮ್ಯಾನೇಜರ್ ಸಾಹೇಬರು ಹಾರ ಹಾಕಿ ಸನ್ಮಾನಿಸುತ್ತಾರೆ. ಚಪ್ಪಾಳೆ. ಅಕ್ಕ ಅವಳ ಬೆನ್ನ ಮೇಲೆ ಕೈಯಿಟ್ಟು, "ಕರೀತಾವ್ರೆ, ಓಗು," ಎಂದು ತಳ್ಳಿದಳು. ಅನುಸೂಯ ಕಾಲೂರಿ ನಿಂತಳು. ಅಳು ಅವಳಿಗೆ ಒಂದು ದೊಡ್ಡತನ ತಂದುಕೊಟ್ಟಿತ್ತು, ಆ ದೊಡ್ಡತನದಲ್ಲಿ, "ನಾನ್ ಹೋಗಲ್ಲ. ನಿನ್ನ ಹೆಸರಲ್ವಾ ಅಕ್ಕ ಅದು? ನೀನೇ ಹೋಗು," ಎಂದಳು. ಅಕ್ಕ ಬೇಡ ಎನ್ನುತ್ತಾಳೆ, ತಾನು ಇನ್ನೊಂದು ಸಲ ಹೇಳಬೇಕು, ಅಕ್ಕ ಮತ್ತೆ ತಳ್ಳುತ್ತಾಳೆ, ಕೊನೆಗೆ ವಿಧಿಯಿಲ್ಲದೆ ಕಣ್ಣೊರೆಸಿಕೊಂಡು ತಾನು ಹೋಗಬೇಕಾಗುತ್ತದೆ ಎಂದುಕೊಂಡಿದ್ದಳು. "ಸರಿ," ಎಂದಳು ಅಕ್ಕ. ಸೆರಗನ್ನು ಎಳೆದು ಸೊಂಟಕ್ಕೆ ಸಿಕ್ಕಿಸಿ, ಗೋಣಿಯ ಪರದೆ ಸರಿಸಿ ಹೋಗಿಯೇಬಿಟ್ಟಳು.

ಅಂಗಳದಲ್ಲಿ ಗುಸುಗುಸು, ಆಮೇಲೆ ಸಿಳ್ಳೆ. ಕಸ ಗುಡಿಸುವ ಅನುಸೂಯಮ್ಮ ಯಾಕೆ ಬಂದಳೆಂದು ಶ್ಯಾಮಣ್ಣ ಕೈಯಾಡಿಸಿದ. ಮ್ಯಾನೇಜರರಿಗೆ ಯಾರ ಮುಖವೂ ಗೊತ್ತಿರಲಿಲ್ಲ. "ನೀವೇನಮ್ಮ ರಾಮಮ್ಮ?" ಎಂದು ಕೇಳಿದರು. "ಊ ಸಾ, ನಾನೇ ರಾಮಮ್ಮ," ಎಂದಳು ಅಕ್ಕ, ಮೈಕಿಗೆ ಸರಿಯಾಗಿ. ಇನ್ನೂ ನಾಟಕ ನಡೆಯುತ್ತಿದೆ ಎಂದುಕೊಂಡು ಜನ ಕುಣಿದಾಡಿದರು. ಚೆಂಡುಹೂವಿನ ದಪ್ಪ ಹಾರ ಅವಳ ಕೊರಳಿಗೆ ಬಿತ್ತು. ಅವ್ವ ನಿಂತುಕೊಂಡೇ ಚಪ್ಪಾಳೆ ಹೊಡೆಯುತ್ತಿದ್ದಳು. ಅಕ್ಕ ಹಾರವನ್ನು ತೆಗೆದು ಕೈಯಲ್ಲಿ ಹಿಡಿದುಕೊಳ್ಳಲಿಲ್ಲ, ತಲೆ ಬಗ್ಗಿಸಲಿಲ್ಲ, ಗಂಟಲು ಸರಿಮಾಡಿಕೊಂಡು, "ಎಲ್ರಿಗೂ ನಮಸ್ಕಾರ. ಈ ನಾಟಕ ಬರ್ಯಕ್ಕೆ ನಾನ್ ಬಾಳ ಕಷ್ಟ ಬಿದ್ದಿವ್ನಿ," ಎಂದು ಶುರುಮಾಡಿದಳು. ಪರದೆಯ ಹಿಂದೆ ಅನುಸೂಯ ಗೋಣಿಯ ದಾರ ಹಿಡಿದು ನಿಂತಿದ್ದಳು. ತನಗೆ ಸಂತೋಷವಾಗುತ್ತದೆ ಎಂದು ಅವಳು ಕಾದಳು. ಆಗಲಿಲ್ಲ. ಬರೆದವಳು ನಾನು, ಎರಡು ತಿಂಗಳು ನಿದ್ದೆಗೆಟ್ಟವಳು ನಾನು, ಆ ಹಾರ ನನ್ನದು, ಆ ಸಿಳ್ಳೆ ನನ್ನದು, ಇವಳು ಯಾರು ಅದನ್ನೆಲ್ಲ ಹಾಕಿಕೊಂಡು ಅಲ್ಲಿ ನಿಲ್ಲುವುದಕ್ಕೆ? ಅಂಗಳದಲ್ಲಿ ಮತ್ತೆ ಚಪ್ಪಾಳೆ ಎದ್ದಿತು. ತಾನೂ ತಟ್ಟಬೇಕೆಂದು ಅವಳು ಎರಡು ಕೈ ಎತ್ತಿದಳು. ಕೈ ಕೂಡಲಿಲ್ಲ.